ಹುಳಕ್ಕೂ ಬಿಸಿಲು ತಾಕುತ್ತೆ ಮಗಾ (ಭಾಗ 6)

ಬಿಕಾಂನವರಿಗೆ ಪ್ರೋಟೀನ್ ಸುದ್ದಿ ಯಾಕೆ ಅನ್ನೋರು ಸ್ವಲ್ಪ ತಾಳ್ಮೆ ತಗೊಳ್ಳಿ. ಇದು ದುಡ್ಡಿನ ವಿಷಯವೇ.

ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದ ಬಸ್ ಹತ್ತಿ ಬರೋರಿಗೆ ಗೊತ್ತಿರುತ್ತೆ, ಬೋರ್‌ವೆಲ್ ನೀರಲ್ಲಿ ಹಿಪ್ಪುನೇರಳೆ ಬೆಳೆದು ಹುಳ ಮೇಯಿಸೋ ಮನೆಗಳಿಗೆ ಏಪ್ರಿಲ್ ಅಂದ್ರೆ ಭಯ. ಪಾಂಡವಪುರ, ಶ್ರೀರಂಗಪಟ್ಟಣದ ಕಾಲುವೆ ಬಯಲಿನೋರೇ, ಕಬ್ಬು ಭತ್ತದ ಮಧ್ಯೆ ಇದು ನಮ್ಮದಲ್ಲ ಅಂದ್ಕೋಬೇಡಿ. 1780ರ ದಶಕದಲ್ಲಿ ಬಂಗಾಳದಿಂದ ರೇಷ್ಮೆ ಹುಳ ತರಿಸೋಕೆ ಟಿಪ್ಪು ಹೊರಟದ್ದು ನಿಮ್ಮ ಶ್ರೀರಂಗಪಟ್ಟಣಕ್ಕೇ.

ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ 24–25 ಡಿಗ್ರಿ ಇದ್ರೆ ಸುಖ. ಶೀಟ್ ಹಾಕಿದ ಹುಳದ ಮನೇಲಿ ಮಧ್ಯಾಹ್ನ ಅಷ್ಟು ತಂಪು ಎಲ್ಲಿಂದ ಬರ್ಬೇಕು? ಹುಳ ಸೊಪ್ಪು ಬಿಡುತ್ತೆ, ಸಪ್ಪೆ ರೋಗ ಬೀಳುತ್ತೆ. ಊರವರ ತೀರ್ಪು ಮಾತ್ರ ಮೊದಲೇ ರೆಡಿ: "ಸರಿಯಾಗಿ ನೋಡ್ಕೊಂಡಿಲ್ಲ." ನನ್ನ ತಕರಾರು ಈ ಮಾತಿನ ಮೇಲೆ.

ಬಿಸಿ ಜಾಸ್ತಿಯಾದಾಗ ಜೀವಕೋಶದೊಳಗಿನ ಪ್ರೋಟೀನ್‌ಗಳು ಆಕಾರ ಕೆಟ್ಟು ಒಂದಕ್ಕೊಂದು ಅಂಟಿಕೊಳ್ತವೆ. ಅದನ್ನ ತಡೆಯೋಕೆ ಜೀವಕೋಶ ತರಾತುರಿಯಲ್ಲಿ ಕೆಲವು ಕಾವಲು ಪ್ರೋಟೀನ್ ತಯಾರಿಸುತ್ತೆ. ಅವೇ ಹೀಟ್ ಶಾಕ್ ಪ್ರೋಟೀನ್. ಇದರ ಮೊದಲ ಸುಳಿವು 1962ರಲ್ಲಿ ಇಟಲಿಯ ರಿಟೋಸಾ ಅನ್ನೋರಿಗೆ ಹಣ್ಣಿನ ನೊಣದಲ್ಲಿ ಸಿಕ್ತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಾಯ್ ಮತ್ತು ಗೋಪಿನಾಥನ್ 1995ರಲ್ಲೇ ರೇಷ್ಮೆ ತಳಿಗಳನ್ನ ಪಕ್ಕಪಕ್ಕ ಇಟ್ಟು ನೋಡಿದ್ರು. ಶುದ್ಧ ಮೈಸೂರು ತಳಿಯಂಥವು ಬೈವೋಲ್ಟೀನ್‌ಗಿಂತ ಬಿಸಿ ಚೆನ್ನಾಗಿ ತಡೀತವೆ. ಅಂದ್ರೆ ಗೆರೆ ಸಾಕೋರ ಕೈಯಲ್ಲಷ್ಟೇ ಇಲ್ಲ, ಹುಳದ ಹುಟ್ಟಲ್ಲೂ ಇದೆ.

ಈ ಪ್ರೋಟೀನನ್ನ ಹಿಡಿಯೋದು ಹೇಗೆ? ಆಂಟಿಬಾಡಿಯಿಂದ. ಮೊಲಕ್ಕೋ ಇಲಿಗೋ ಆ ಪ್ರೋಟೀನ್ ಚುಚ್ಚಿದ್ರೆ, ಅದಕ್ಕೆ ಅಂಟೋ ಆಂಟಿಬಾಡಿಯನ್ನ ಅದರ ದೇಹವೇ ಮಾಡುತ್ತೆ. ಲ್ಯಾಬಲ್ಲಿ ಹುಳದ ಅಂಗಾಂಶ ಅರೆದು, ಅದರ ಪ್ರೋಟೀನ್‌ಗಳನ್ನ ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ತೆಳು ಹಾಳೆಗೆ ಇಳಿಸಿ ಆಂಟಿಬಾಡಿ ಹಾಕ್ತಾರೆ. ಬೇಕಾದ ಪ್ರೋಟೀನ್ ಇರೋ ಜಾಗದಲ್ಲಿ ಪಟ್ಟಿ ಮೂಡುತ್ತೆ. ಇದಕ್ಕೆ ವೆಸ್ಟರ್ನ್ ಬ್ಲಾಟ್ ಅಂತಾರೆ.

ಅಕೌಂಟ್ಸ್‌ನವರು ಈಗ ಎದ್ದು ಕೂತ್ಕೊಳ್ಳಿ. ಬಿಸಿಗೆ ಹುಟ್ಟೋ ಎಚ್‌ಎಸ್‌ಪಿ70ಗೆ ಒಬ್ಬ ಅಣ್ಣ ಇದಾನೆ, ಎಚ್‌ಎಸ್‌ಸಿ70. ಅವನು ತಂಪಿದ್ದಾಗಲೂ ಮನೇಲೇ ಇರ್ತಾನೆ. ಇಬ್ರ ಮುಖವೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಕೆಲವು ಆಂಟಿಬಾಡಿ ಇಬ್ರಿಗೂ ಅಂಟುತ್ತೆ. ಅಂಥದ್ದನ್ನ ಹಾಕಿದ್ರೆ ಆರಾಮಾಗಿರೋ ಹುಳದಲ್ಲೂ ದಪ್ಪ ಪಟ್ಟಿ ಬರುತ್ತೆ. ತಿಂಗಳ ಬಾಡಿಗೆ, ಬೆಂಕಿ ಬಿದ್ದ ರಿಪೇರಿ ಎರಡನ್ನೂ ಒಂದೇ ಖಾತೆಗೆ ಬರೆದ ಹಾಗೆ! ಅದಕ್ಕೇ ಬಿಸಿ ಕೊಟ್ಟ ಹುಳ, ಕೊಡದ ಹುಳ ಎರಡನ್ನೂ ಪಕ್ಕದಲ್ಲಿ ತೋರಿಸ್ಬೇಕು. ಎರಡಕ್ಕೂ ಒಂದೇ ಅಳತೆ ಹಾಕಿದೀವಿ ಅನ್ನೋಕೆ, ಬದಲಾಗದ ಇನ್ನೊಂದು ಪ್ರೋಟೀನಿನ ಪಟ್ಟಿನೂ ಬೇಕು. ಓಚರ್ ಇಲ್ಲದ ಎಂಟ್ರಿ ನಾವು ನಂಬ್ತೀವಾ? ಇಷ್ಟಾದ್ರೂ ಪಟ್ಟಿ ದಪ್ಪ ಇದ್ದ ಮಾತ್ರಕ್ಕೆ ಹುಳ ಬದುಕುತ್ತೆ ಅನ್ನೋಕಾಗಲ್ಲ, ಜಾಸ್ತಿ ನರಳೋ ಹುಳವೂ ಜಾಸ್ತಿ ಮಾಡಬಹುದು. ಎಷ್ಟು ಹುಳ ಗೂಡು ಕಟ್ತು ಅನ್ನೋ ಲೆಕ್ಕ ಜೊತೆಗಿರಲೇಬೇಕು.

ಈಗ ರೇಟಿಗೆ ಬರೋಣ. ಬೈವೋಲ್ಟೀನ್ ಬಿಳಿ ಗೂಡಿನಲ್ಲಿ ಸಾವಿರ ಮೀಟರ್ ಆಸುಪಾಸು ನೂಲು. ಮೈಸೂರು ತಳಿಯಲ್ಲಿ ಅದರ ಅರ್ಧವೂ ಇಲ್ಲ. ನೂಲಿಗೆ ಬೆಲೆ, ಒಪ್ಪೋಣ. ಆದ್ರೆ ಏಪ್ರಿಲ್‌ನಲ್ಲಿ ಕೈಕೊಟ್ಟ ಬೆಳೆ ಮಾರ್ಕೆಟ್ಟಿನ ಬೋರ್ಡಲ್ಲಿ ಕಾಣಲ್ವಲ್ಲ. ಮಿಶ್ರತಳಿ ಹಳದಿ ಗೂಡಿನ ತಾಯಿ ಇದೇ ಮೈಸೂರು ತಳಿ, ಅದರ ಬಿತ್ತನೆ ಗೂಡು ಬರೋದು ನಾಗಮಂಗಲದ ಪಕ್ಕದ ಕುಣಿಗಲ್, ಮಾಗಡಿ ಕಡೆಯಿಂದ. ಈ ತಾಯಿಯ ತಾಳಿಕೆಗೆ ಯಾರೂ ಬೆಲೆ ಕಟ್ಟಿಲ್ಲ.

ಪ್ರತಿ ರೈತರ ಮನೇಲೂ ಆಂಟಿಬಾಡಿ ಟೆಸ್ಟ್ ಮಾಡಿ ಅಂತ ನಾನು ಕೇಳ್ತಿಲ್ಲ. ಅದು ದುಬಾರಿ, ಫ್ರಿಜ್ಜಲ್ಲೇ ಇಡ್ಬೇಕು. ಆದ್ರೆ 1860ರ ದಶಕದಲ್ಲಿ ಲೂಯಿ ಪಾಶ್ಚರ್ ತಾಯಿ ಚಿಟ್ಟೆಯನ್ನ ಅರೆದು ಗಂಟು ರೋಗ ಪತ್ತೆ ಮಾಡೋ ದಾರಿ ತೋರಿಸಿದ್ದರಿಂದಲೇ ಇವತ್ತು ನಮ್ಮ ಮೊಟ್ಟೆ 'ರೋಗರಹಿತ' ಅಂತ ಬರ್ತಿದೆ. ಹಾಗೇ ಹೊಸ ತಳಿ ಬಿಡೋವಾಗ ಇಳುವರಿ, ನೂಲಿನ ಉದ್ದದ ಪಕ್ಕದಲ್ಲಿ ಬಿಸಿಲು ಎಷ್ಟು ತಡೆಯುತ್ತೆ ಅನ್ನೋದನ್ನೂ ಪುರಾವೆ ಸಮೇತ ಕನ್ನಡದಲ್ಲಿ ಅಚ್ಚು ಹಾಕಲಿ. ಮೊಟ್ಟೆ ಕೊಳ್ಳೋರು ನೋಡಿ ಕೊಳ್ತಾರೆ.

ನಿಮ್ಮನೇಲಿ ಹುಳ ಮೇಯಿಸ್ತಿದ್ರೆ ಅಪ್ಪನ್ನೋ ಅಮ್ಮನ್ನೋ ಕೇಳಿ, ಏಪ್ರಿಲ್‌ಗೆ ಬಿಳಿ ಹಾಕ್ತಾರಾ, ಹಳದಿನಾ, ಯಾಕೆ ಅಂತ. ಊರಿನ ಹೆಸರು ಸೇರಿಸಿ ಕಾಮೆಂಟ್ ಮಾಡಿ. ಭಾಗ 7ರಲ್ಲಿ ನಿಮ್ಮ ಉತ್ತರಗಳನ್ನೇ ಹಾಕ್ತೀನಿ.