ಮುರಿದ ಎಲುಬೂ ಬೀಡಿಯ ಹೊಗೆಯೂ

ಎಲುಬೆಂದರೆ ಶರೀರವನ್ನು ಹೊತ್ತು ನಿಲ್ಲಿಸಿದ ಜಡವಾದ ಕಂಬವೆಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಧೂಮಪಾನದಿಂದ ಶ್ವಾಸಕೋಶ ಕೆಡುವುದೆಂದು ತಡೆಯಿಲ್ಲದೆ ಒಪ್ಪುವವರೂ ಅದರಿಂದ ಎಲುಬಿಗೆ ಹಾನಿಯುಂಟೆಂದರೆ ಹುಬ್ಬೇರಿಸುತ್ತಾರೆ. ಆದರೆ ಎಲುಬು ಜಡವಲ್ಲ: ಗಟ್ಟಿಯಾದ ಎಲುಬಿನೊಳಗೂ ಸೂಕ್ಷ್ಮರಂಧ್ರಗಳಿರುವುದನ್ನು ಕ್ಲಾಪ್ಟನ್ ಹ್ಯಾವರ್ಸ್ ಎಂಬ ಆಂಗ್ಲವೈದ್ಯನು 1691ರಲ್ಲಿಯೇ ವರ್ಣಿಸಿದ್ದನು; ಅವು ಮಜ್ಜೆಯ ಜಿಡ್ಡು ಹರಿಯುವ ದಾರಿಗಳೆಂದು ಅವನು ಬಗೆದಿದ್ದರೂ, ಅಲ್ಲಿ ಸಂಚರಿಸುವುದು ರಕ್ತವೆಂಬುದು ತರುವಾಯ ಸಿದ್ಧವಾಯಿತು.

ಎಲುಬು ಮುರಿದಾಗ ಅದರೊಡನೆ ಈ ರಂಧ್ರಗಳೊಳಗಿನ ರಕ್ತನಾಳಗಳೂ ಹರಿದುಹೋಗುತ್ತವೆ. ಮುರಿದೆಡೆಯಲ್ಲಿ ರಕ್ತ ಹೆಪ್ಪುಗಟ್ಟಿ, ಅದರೊಳಕ್ಕೆ ಹೊಸ ನಾಳಗಳು ಚಿಗುರಿ, ಅವು ತಂದ ಆಮ್ಲಜನಕದ ಬಲದಿಂದ ಎಲುಬು ಕಟ್ಟುವ ಜೀವಕೋಶಗಳು ಕಾರ್ಯೋನ್ಮುಖವಾದರೆ ಮಾತ್ರ ಎರಡು ತುದಿಗಳು ಕೂಡುವುವು. ಇಂತಹ ಸಮಯದಲ್ಲಿ ಸೇದಿದ ಬೀಡಿಯ ನಿಕೋಟಿನ್ ನಾಳಗಳನ್ನು ಸಂಕುಚಿತಗೊಳಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಹೀಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಆಸಕ್ತಿಯಿಂದ ಹಿಡಿದುಕೊಂಡು, ತಲಪಿದಷ್ಟು ರಕ್ತವನ್ನೂ ನಿಸ್ಸಾರಗೊಳಿಸುತ್ತದೆ. ಕಣಕಾಲಿನ ಎಲುಬಿನ ಕೆಳಭಾಗಕ್ಕೆ ಮಾಂಸದ ಹೊದಿಕೆ ಕಡಿಮೆಯಾಗಿ ಸ್ವಭಾವತಃ ರಕ್ತದ ಆಸರೆ ಅಲ್ಪವಾದುದರಿಂದ, ಸೇದುವವರಲ್ಲಿ ಅಲ್ಲಿನ ಮುರಿತ ನಿಧಾನವಾಗಿ ಕೂಡುವುದೂ ಕೆಲವೊಮ್ಮೆ ಕೂಡದೆಯೇ ಉಳಿಯುವುದೂ ಶಸ್ತ್ರವೈದ್ಯರಿಗೆ ಚಿರಪರಿಚಿತವಾದ ಸಂಗತಿ.

ಆದರೂ ನಮ್ಮ ಆಸ್ಪತ್ರೆಗಳ ಅಂಗಳದಲ್ಲಿ ಕಾಣುವುದೇನು? ಬೈಕಿನಿಂದ ಬಿದ್ದು ಕಾಲಿಗೆ ರಾಡು ಹಾಕಿಸಿಕೊಂಡ ತರುಣನಿಗೆ, ಮೂಳೆ ಬೇಗ ಕೂಡಲೆಂದು ಫ್ಲಾಸ್ಕಿನಲ್ಲಿ ಕಾಲುಸೂಪು ತಂದ ಭಾವಮೈದುನನೇ ಜೇಬಿನಿಂದ ಬೀಡಿಯ ಕಟ್ಟನ್ನೂ ತೆಗೆದು ಕೊಡುತ್ತಾನೆ. ಅವನನ್ನು ಹಳಿದು ಫಲವಿಲ್ಲ. ಮನೆಗೆ ಕಳುಹಿಸುವಾಗ ಕೈಗಿಡುವ ಚೀಟಿಯಲ್ಲಿ ಕ್ಯಾಲ್ಸಿಯಂ ಮಾತ್ರೆಯೂ, ಕಾಲೂರಬಾರದೆಂಬ ಎಚ್ಚರಿಕೆಯೂ ಇದ್ದು, ಹೊಗೆಯ ವಿಷಯ ಬಹುಮಟ್ಟಿಗೆ ಇರುವುದೇ ಇಲ್ಲ. ಹೊಗೆ ಬಿಡಿಸುವುದನ್ನು ಮುರಿತದ ಚಿಕಿತ್ಸೆಯ ಅಂಗವೆಂದೇ ಎಣಿಸಿ ಆ ಚೀಟಿಯಲ್ಲಿ ಬರೆಯತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಿಟ್ಟರೆ ಫಲವುಂಟೆ ಎಂದು ರೋಗಿ ಕೇಳುವುದು ನ್ಯಾಯವೇ. ಕಾರ್ಬನ್ ಮಾನಾಕ್ಸೈಡು ಒಂದೆರಡು ದಿನಗಳಲ್ಲಿ ರಕ್ತದಿಂದ ತೊಲಗುತ್ತದೆ. ನಾಳಗಳ ಒಳಪದರ ವಾರಗಳು, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಮುಂಚಿತವಾಗಿ ಗೊತ್ತುಪಡಿಸಿದ ಶಸ್ತ್ರಕ್ರಿಯೆಗೆ ನಾಲ್ಕು ವಾರಗಳಾದರೂ ಮೊದಲೇ ಹೊಗೆ ಬಿಡಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಹೊಗೆಯಿಂದ ಸವೆದ ಎಲುಬು ಮತ್ತೆ ಸಾಂದ್ರವಾಗುವುದಾದರೋ ವರ್ಷಗಳ ಮಾತು. ರಕ್ತವಿಲ್ಲದೆ ಸತ್ತು ಕುಸಿದ ತೊಡೆಮೂಳೆಯ ತಲೆಯಂತೂ ಹೊಗೆ ಬಿಟ್ಟ ಮಾತ್ರಕ್ಕೆ ಮೊದಲಿನಂತಾಗದು. ಈ ಮಿತಿಯನ್ನೂ ರೋಗಿಗೆ ಮರೆಮಾಚದೆ ತಿಳಿಸಬೇಕು.

ನೋವೂ ನಿದ್ರೆಗೇಡೂ ಕೂಡಿ ಕಾಡುವಾಗ ಬರಿಯ ಉಪದೇಶದಿಂದ ಚಟ ಬಿಡದು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯಂತಹ ನೆರವೂ ಬೇಕು. ಅದರಲ್ಲಿಯೂ ನಿಕೋಟಿನ್ ಇದೆಯಲ್ಲವೆ ಎಂಬ ಆಕ್ಷೇಪ ಸಹಜವಾದರೂ, ಅದರಲ್ಲಿ ಹೊಗೆಯ ವಿಷಾನಿಲವಿಲ್ಲ. ಯಾರಿಗೆ ಎಷ್ಟು ದಿನವೆಂಬುದನ್ನು ವೈದ್ಯರು ನಿರ್ಧರಿಸಿ, ತಾಲ್ಲೂಕು ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ನೋವಿನ ಮಾತ್ರೆಯೊಡನೆಯೇ ಅದು ಬಿಟ್ಟಿಯಾಗಿ ದೊರೆಯುವಂತಾಗಬೇಕು. ಬಿಡಲು ನೆರವಾಗುವ ರಾಷ್ಟ್ರೀಯ ದೂರವಾಣಿ 1800-11-2356 ಬೀಡಿಯ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ರೋಗಿಯು ಮಂಚದಲ್ಲಿರುವಾಗಲೇ ದಾದಿಯೊಬ್ಬಳು ಆ ಸಂಖ್ಯೆಗೆ ಕರೆ ಹಚ್ಚಿ ಫೋನನ್ನು ಅವನ ಕೈಗೆ ಕೊಡಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.