ಬಾಜಿಯ ಭಾಷೆ, ಮೂವತ್ತರ ಲೆಕ್ಕ

2016ರಲ್ಲಿ ಲೆಸ್ಟರ್ ಸಿಟಿ ತಂಡವು ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಗೆದ್ದಾಗ, ಒಂದು ಪೌಂಡಿಗೆ 5000 ಪೌಂಡ್ ಗಳಿಸಿದವರ ಕಥೆಯನ್ನು ನಾವು ಬೆರಗಿನಿಂದ ಓದಿದೆವು. ಬಾಜಿಯ ಭಾಷೆಯಲ್ಲಿ ಈ ದರಕ್ಕೆ 'ಆಡ್ಸ್' ಎಂದು ಹೆಸರು. ಅದು ಗೆಲುವಿನ ಸಾಧ್ಯತೆಯ ನೇರ ಅಳತೆಯಲ್ಲ. ಬಾಜಿ ಕಟ್ಟಿಸಿಕೊಳ್ಳುವವನು ತನ್ನ ಲಾಭವನ್ನು ಮುರಿದುಕೊಂಡು ಇಟ್ಟ ಬೆಲೆ.

ಪಂದ್ಯದ ಗೆಲುವು, ಸೋಲು, ಸಮ ಮೂರಕ್ಕೂ 2.70ರ ದರವಿದೆ ಎನ್ನೋಣ. ನೂರು ಕಟ್ಟಿ ಗೆದ್ದವನಿಗೆ ಅಸಲೂ ಸೇರಿ 270. ಮೂರರ ಮೇಲೂ ನೂರು ನೂರು ಕಟ್ಟಿದರೆ, ಫಲಿತಾಂಶ ಏನೇ ಆಗಲಿ, 300ಕ್ಕೆ ಮರಳುವುದು 270 ಮಾತ್ರ. ಉಳಿದ 30 'ಮಾರ್ಜಿನ್'. ಹಲವು ಪಂದ್ಯಗಳನ್ನು ಪೋಣಿಸುವ 'ಅಕ್ಯುಮ್ಯುಲೇಟರ್'ನಲ್ಲಿ ಈ ಕಡಿತ ಇನ್ನೂ ಬೆಳೆಯುತ್ತದೆ. ಒಂದು ಊಹೆ ತಪ್ಪಿದರೂ ಕಟ್ಟಿದ್ದೆಲ್ಲ ಹೋಗುತ್ತದೆ.

ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿತು. ಆದರೆ ಮನೆಯೊಳಗಿನ ಮೊಬೈಲನ್ನು ಕಾನೂನೊಂದೇ ಕಾಯಲಾರದು. ಮಕ್ಕಳನ್ನು ಗದರಿಸುವ ಮೊದಲು, ಅವರೊಡನೆ ಕುಳಿತು ಈ ಮೂವತ್ತರ ಲೆಕ್ಕವನ್ನು ಮಾಡಿ ತೋರಿಸೋಣ.