ರೋಗಿಯ ಕಣ್ಣಿನಿಂದ ಮನೆಯನ್ನು ನೋಡುವುದು

ವಾಚಕ ಮಹಾಶಯರಲ್ಲಿ ಕೆಲವರು ಈಚೆಗೆ ನಮಗೆ ಕಾಗದ ಬರೆದು, “ಮನೆಯೊಂದನ್ನು ಕೊಳ್ಳಬೇಕೆಂದಿದ್ದೇವೆ; ಏನೇನು ನೋಡಿ ಕೊಳ್ಳಬೇಕು?” ಎಂದು ಕೇಳಿರುವರು. ನಾವು ಮನೆ ಕಟ್ಟಿಸುವವರಲ್ಲ, ದಲ್ಲಾಳಿಗಳಂತೂ ಅಲ್ಲ. ಮೂವತ್ತನಾಲ್ಕು ವರ್ಷ ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ಮೇಷ್ಟರು. ಆದರೂ ಸೇವೆಯಿಂದ ನಿವೃತ್ತರಾದ ಮೇಲೆ ಸ್ವಂತಕ್ಕೊಂದು ಮನೆಯನ್ನು ಹುಡುಕುತ್ತ ಮೈಸೂರಿನ ಬೀದಿಗಳನ್ನು ಎಂಟು ತಿಂಗಳು ಸುತ್ತಿದ್ದುಂಟು. ಅದಕ್ಕೂ ಮೊದಲು, 2021ನೆಯ ಇಸವಿಯ ಮೇ ತಿಂಗಳಿನಲ್ಲಿ, ಬಾಡಿಗೆಯ ಮನೆಯೊಂದರಲ್ಲಿ ಹದಿನಾಲ್ಕು ದಿನ ಬಾಗಿಲು ಹಾಕಿಕೊಂಡು ಕುಳಿತು, ಮನೆಯೆಂದರೆ ಏನೆಂಬುದನ್ನು ಕಲಿತದ್ದುಂಟು. ಆ ಪಾಠವನ್ನೇ ಈ ತಿಂಗಳು ಗೃಹಸ್ಥರ ಮುಂದೆ ಇಡುತ್ತೇವೆ.

ಸಂಸ್ಕೃತದಲ್ಲಿ ‘ವಾಸ್ತು’ ಎಂಬ ಶಬ್ದವು ‘ವಸ್’ ಧಾತುವಿನಿಂದ ಹುಟ್ಟಿತು. ಆ ಧಾತುವಿಗೆ ವಾಸಮಾಡುವುದೆಂದು ಅರ್ಥ. ಈಗಿನ ಬಳಕೆಯಲ್ಲಾದರೋ ವಾಸ್ತುವೆಂಬುದು ಬಾಗಿಲು ಯಾವ ದಿಕ್ಕಿಗಿದೆ, ಒಲೆ ಯಾವ ಮೂಲೆಗಿದೆ ಎಂಬಷ್ಟಕ್ಕೇ ನಿಂತುಹೋಗಿರುವುದು. ಹಗಲೂ ರಾತ್ರಿಯೂ ಇಲ್ಲಿ ವಾಸಮಾಡಬಹುದೇ ಎಂಬ ಮೂಲಪ್ರಶ್ನೆಯನ್ನು ಪಟ್ಟಣದ ಗೃಹಸ್ಥರು ಬಹುಕಾಲ ಕೇಳಿಕೊಳ್ಳಲೇ ಇಲ್ಲ. ಗಂಡಸರು ಕಚೇರಿಯಲ್ಲಿ, ಮಕ್ಕಳು ಪಾಠಶಾಲೆಯಲ್ಲಿ, ಮನೆಯು ರಾತ್ರಿ ತಂಗುವುದಕ್ಕೊಂದು ಛತ್ರ. ಹಗಲೆಲ್ಲ ಅದರೊಳಗೆ ಇರುತ್ತಿದ್ದವರು ಹೆಂಗಸರೂ ಮುದುಕರೂ ಮಾತ್ರ. ಕೊಳ್ಳುವಾಗ ಅವರನ್ನು ಕೇಳಿದವರು ಕಡಮೆ. 2020ನೆಯ ಮಾರ್ಚಿ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಕಚೇರಿಯೂ ಪಾಠಶಾಲೆಯೂ ಆಟದ ಬಯಲೂ ಎರಡು ಕೋಣೆಯ ಮನೆಗೆ ಒಂದೇ ಸಲಕ್ಕೆ ನುಗ್ಗಿದವು. ನಮ್ಮ ಮಗನು ಬೆಂಗಳೂರಿನ ಕೆಲಸವನ್ನು ಹಜಾರದಿಂದ ಮಾಡಿದನು. ನಾವು ಅಡಿಗೆಮನೆಯಲ್ಲಿ ಕುಳಿತು ದೂರವಾಣಿಯಲ್ಲಿ ಪಾಠ ಹೇಳಿದೆವು. ರಾಮಶಬ್ದದ ಷಷ್ಠೀವಿಭಕ್ತಿಗೆ ಬರುವಷ್ಟರಲ್ಲಿ ಕುಕ್ಕರು ಕೂಗಿ, ಅತ್ತ ಕಡೆ ನಲವತ್ತು ಹುಡುಗರು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ನಗುವು ಮರುವರ್ಷ ಅಡಗಿತು. ಎರಡನೆಯ ಅಲೆಯಲ್ಲಿ ನಮ್ಮ ಮನೆಯವರಿಗೆ ಸೋಂಕು ತಗುಲಿತು. ಗಾಳಿಯಾಡುವ ಪ್ರತ್ಯೇಕ ಕೋಣೆಯಲ್ಲಿ ಇರಿಸಿರಿ, ಬಚ್ಚಲು ಬೇರೆಯಾಗಿರಲಿ ಎಂದು ವೈದ್ಯರು ಹೇಳಿದರು. ನಮಗಿದ್ದದ್ದು ಎರಡು ಕೋಣೆ, ಒಂದು ಬಚ್ಚಲು, ನಾಲ್ಕು ಜನ. ನಾಲ್ವರಲ್ಲಿ ಒಬ್ಬರು ಎಂಬತ್ತು ದಾಟಿದ ನಮ್ಮ ತಾಯಿಯವರು. ಒಳಕೋಣೆಗಿದ್ದ ಒಂದೇ ಕಿಟಕಿಗೆ ನಾವೇ ಆರು ವರ್ಷದ ಕೆಳಗೆ ಕಬ್ಬಿಣದ ಬೀರುವನ್ನು ಅಡ್ಡವಾಗಿ ಇಟ್ಟಿದ್ದೆವು. ಮೂರನೆಯ ದಿನ ನಾವೂ ಮಗನೂ ಅದನ್ನು ಎಳೆದು, ಕಿಟಕಿಯ ಬಾಗಿಲನ್ನು ತೆರೆದೆವು. ರೋಗಿಯು ಹಾಸಿಗೆಯಿಂದಲೇ, “ಆರು ವರ್ಷದಿಂದ ಇಲ್ಲಿ ಆಕಾಶ ಇತ್ತೇ?” ಎಂದು ಕೇಳಿದರು. ತಾಯಿಯವರು ಹಜಾರದಲ್ಲಿ ಮಲಗಿ, “ಊರ ಮನೆಯಲ್ಲಾಗಿದ್ದರೆ ಹಿತ್ತಿಲ ಕಡೆಯ ಕೋಣೆ ಇತ್ತಲ್ಲೋ” ಎಂದರು. ಆ ಮನೆಯನ್ನು ಹಳೆಯ ಕಾಲದ್ದೆಂದು 1998ರಲ್ಲಿ ಮಾರಿದವರು ನಾವು ಅಣ್ಣತಮ್ಮಂದಿರೇ. ನಮ್ಮ ಮನೆಯವರು ಗುಣಹೊಂದಿದರು. ತಾಯಿಯವರಿಗೆ ಎಂಟನೆಯ ದಿನ ಜ್ವರ ಬಂದಿತು. ಜೂನ್ ತಿಂಗಳಿನಲ್ಲಿ ಅವರು ತೀರಿಕೊಂಡರು. ಮನೆ ಬೇರೆಯಿದ್ದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಹೇಳಬಲ್ಲವರಿಲ್ಲ. ಆದರೆ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಜಾಡ್ಯವು ಮನೆಯನ್ನು ತಿದ್ದುವುದು ಇದೇ ಮೊದಲಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಬಿಟ್ಟು ಜನರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಮಲ್ಲೇಶ್ವರ, ಬಸವನಗುಡಿಗಳ ಯೋಜನೆಯು ಪ್ಲೇಗಿಗಿಂತ ಕೆಲವು ವರ್ಷ ಮೊದಲೇ ಆಗಿದ್ದರೂ, ಅಲ್ಲಿನ ಅಗಲವಾದ ಬೀದಿ, ಮನೆಯ ಸುತ್ತಲ ಬಯಲು, ಹಿಂದುಗಡೆ ಕಸ ಸಾಗಿಸುವ ಓಣಿ ಇವುಗಳ ಬೆಲೆಯನ್ನು ಜನರು ಅರಿತದ್ದು ಆ ಮೇಲೆಯೇ. ಮುಂಬಯಿಯಲ್ಲಿ 1898ರಲ್ಲಿ, ಮೈಸೂರಿನಲ್ಲಿ 1903ರಲ್ಲಿ ನಗರವನ್ನು ಸುಧಾರಿಸುವ ಮಂಡಲಿಗಳು ಏರ್ಪಟ್ಟವು. ಇಲ್ಲೊಂದು ವಿನೋದವುಂಟು. ಪ್ಲೇಗಿನ ಕಾಲದಲ್ಲಿ ಕೆಟ್ಟ ಗಾಳಿಗೆ ಹೆದರಿದವರು ಬಹುಮಂದಿ. ರೋಗವನ್ನು ತರುತ್ತಿದ್ದುದು ಇಲಿಯ ಮೈಮೇಲಣ ಚಿಗಟ. ಕೋವಿಡ್ ಕಾಲದ ಮೊದಲಲ್ಲಿ ನಾವು ಬಾಗಿಲ ಚಿಲಕಕ್ಕೂ ತರಕಾರಿಗೂ ಹೆದರಿ ಅವನ್ನೆಲ್ಲ ತೊಳೆದೆವು. ರೋಗವು ಹೆಚ್ಚಾಗಿ ಹರಡುತ್ತಿದ್ದುದು ಮುಚ್ಚಿದ ಕೋಣೆಯ ಗಾಳಿಯಲ್ಲಿ. ಭಯವು ಎರಡು ಸಲವೂ ಗುರಿ ತಪ್ಪಿತು. ಆದರೆ ಇಕ್ಕಟ್ಟು ಬೇಡ, ಗಾಳಿ ಬೆಳಕು ಬೇಕು ಎಂಬ ಬುದ್ಧಿಯು ಎರಡು ಸಲವೂ ತಪ್ಪಲಿಲ್ಲ.

ಕೋವಿಡ್ ಬಂದು ಹೋದ ಬಳಿಕ ಕಟ್ಟುತ್ತಿರುವ ಮನೆಗಳನ್ನು ನೋಡಿದರೆ ಈ ಬುದ್ಧಿಯ ಗುರುತು ಕಾಣುವುದು. ಬಾಲ್ಕನಿಯು ಒಂದಿಷ್ಟು ಅಗಲವಾಗಿದೆ. ಕೆಲಸಕ್ಕೆಂದು ಮೇಜು ಹಿಡಿಸುವಷ್ಟು ಕೋಣೆಯೊಂದು ಸೇರಿದೆ. ಬಾಗಿಲ ಬಳಿಯಲ್ಲೇ ಕೈತೊಳೆಯುವ ಬೋಗುಣಿ, ಚಪ್ಪಲಿಗೆ ಗೂಡು. ಎರಡು ಕೋಣೆಯನ್ನು ಕೇಳುತ್ತಿದ್ದವರು ಮೂರನ್ನು ಕೇಳುವರು. ಹೊರಗಿನಿಂದ ಬಂದವರು ಕುಳಿತು ಮಾತನಾಡುವ ಜಗಲಿ, ಕೈಕಾಲು ತೊಳೆಯಲು ಹಂಡೆಯ ನೀರು, ಹೆರಿಗೆಗೂ ಕಾಯಿಲೆಗೂ ಒಂದು ಕೋಣೆ, ಇವು ನಮ್ಮ ಅಜ್ಜಂದಿರ ಮನೆಯಲ್ಲಿ ಇದ್ದವೇ ಎಂದು ಹೆಮ್ಮೆಪಡುವವರುಂಟು. ಆ ಹೆಮ್ಮೆಗೆ ನಾವು ಅರ್ಧದಷ್ಟು ಮಾತ್ರ ಸೇರುತ್ತೇವೆ. ಕಳ್ಳರ ಭಯಕ್ಕೆ ಕಿಟಕಿಯಿಲ್ಲದ ನಡುಮನೆಯೂ, ಹೆಂಗಸರ ಕಣ್ಣನ್ನು ಕೆಡಿಸಿದ ಹೊಗೆಯ ಒಲೆಯೂ ಅದೇ ಮನೆಯಲ್ಲಿದ್ದವು.

ಆದರೆ ಗುಣವು ಸರಕಾದೊಡನೆ ಹೆಸರು ಉಳಿದು ವಸ್ತು ಕರಗುವುದುಂಟು. ನಾವು ನೋಡಿದ ಒಂದು ಮನೆಯಲ್ಲಿ ‘ಕೆಲಸದ ಕೋಣೆ’ ಎಂದು ನಕ್ಷೆಯಲ್ಲಿ ಬರೆದಿದ್ದುದು ಕಿಟಕಿಯಿಲ್ಲದ ಉಗ್ರಾಣವಾಗಿತ್ತು. ಇನ್ನೊಂದರಲ್ಲಿ ಬಾಲ್ಕನಿಗೆ ಗಾಜು ಹೊದಿಸಿ ಕೋಣೆಯೆಂದು ಲೆಕ್ಕಹಾಕಿದ್ದರು. ಆದುದರಿಂದ ಗೃಹಸ್ಥರು ಕಾನೂನನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಜನರ ಬಾಯಲ್ಲಿ ರೇರಾ ಎನ್ನಿಸಿಕೊಂಡಿರುವ 2016ರ ಕಾಯಿದೆಯ ಪ್ರಕಾರ ‘ಕಾರ್ಪೆಟ್ ವಿಸ್ತೀರ್ಣ’ವೆಂದರೆ ಮನೆಯೊಳಗೆ ನಿಜವಾಗಿ ಬಳಸಬಹುದಾದ ನೆಲ, ಒಳಗೋಡೆಗಳು ಅದರಲ್ಲಿ ಸೇರುವುವು, ಹೊರಗೋಡೆಯಾಗಲಿ ಬಾಲ್ಕನಿಯಾಗಲಿ ಸೇರುವುದಿಲ್ಲ. ಮೆಟ್ಟಿಲು, ಲಿಫ್ಟು, ಮೊಗಸಾಲೆಗಳ ಪಾಲನ್ನೆಲ್ಲ ಕೂಡಿಸಿ ಹೇಳುವ ದೊಡ್ಡ ಅಂಕೆಗೆ ಮರುಳಾಗದೆ, ಕಾರ್ಪೆಟ್ ವಿಸ್ತೀರ್ಣವೆಷ್ಟು, ಬಾಲ್ಕನಿ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಬೇಕು. ಕರಾರು ನೋಂದಣಿಯಾಗುವ ಮೊದಲು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚನ್ನು ಮುಂಗಡವಾಗಿ ಪಡೆಯುವಂತಿಲ್ಲವೆಂದೂ, ವಶಕ್ಕೆ ಕೊಟ್ಟ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿಸಿದವರೇ ಸರಿಪಡಿಸಿಕೊಡತಕ್ಕದ್ದೆಂದೂ ಅದೇ ಕಾಯಿದೆಯಲ್ಲಿದೆ.

ಮಾರುವ ರೀತಿಯೂ ಮಾರ್ಪಟ್ಟಿತು. ಹೊರಗೆ ಹೋಗುವಂತಿಲ್ಲದ ಆ ದಿನಗಳಲ್ಲಿ ಮನೆಯನ್ನು ವೀಡಿಯೋದಲ್ಲಿ ತೋರಿಸುವುದು ರೂಢಿಯಾಯಿತು. ರೋಗ ಹೋದರೂ ರೂಢಿ ಉಳಿದಿದೆ. ದೂರದಲ್ಲಿರುವವರಿಗೆ ಇದು ಉಪಕಾರವೇ ಸರಿ. ಆದರೆ ಹೊರದೇಶದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ತಂದೆತಾಯಿಗಳಿಗೆಂದು ಹೀಗೆ ಒಂದು ಮನೆಯನ್ನು ಕೊಂಡನು. ವೀಡಿಯೋದಲ್ಲಿ ಕಿಟಕಿ ಕಂಡಿತು, ಕಿಟಕಿಯಲ್ಲಿ ಬೆಳಕೂ ಕಂಡಿತು. ನಾಲ್ಕಡಿ ಆಚೆ ಪಕ್ಕದ ಕಟ್ಟಡದ ಗೋಡೆ ಏಳುತ್ತಿದ್ದುದು ಕಾಣಲಿಲ್ಲ. ಯಂತ್ರಕ್ಕೆ ಕಣ್ಣುಂಟು, ಗಾಳಿಯನ್ನು ತಿಳಿಯುವ ಚರ್ಮವೂ ಚರಂಡಿಯನ್ನು ತಿಳಿಯುವ ಮೂಗೂ ಇಲ್ಲ. ನಂಬಿಕೆಯ ಬಂಧುಗಳೊಬ್ಬರನ್ನಾದರೂ ಕಳುಹಿಸಿ ನೋಡಿಸದೆ ಹಣವನ್ನು ಕೊಡಲಾಗದು.

ಸಾಲದ ವಿಷಯದಲ್ಲಿಯೂ ಎರಡು ಮಾತು. ವ್ಯಾಪಾರವು ಕುಸಿಯಬಾರದೆಂದು ರಿಸರ್ವ್ ಬ್ಯಾಂಕು ತನ್ನ ರೆಪೋ ದರವನ್ನು 2020ರ ಮೇ ತಿಂಗಳಲ್ಲಿ ನೂರಕ್ಕೆ 4ಕ್ಕೆ ಇಳಿಸಿತು. ಗೃಹಸಾಲವು ನೂರಕ್ಕೆ 7ರ ಒಳಗೆ ದೊರಕಿತು. 35ರಿಂದ 45 ಲಕ್ಷ ರೂಪಾಯಿ ಬೆಲೆಯ ಫ್ಲಾಟುಗಳ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕವನ್ನು ನೂರಕ್ಕೆ 5ರಿಂದ 3ಕ್ಕೆ ಇಳಿಸುವುದಾಗಿ ನಮ್ಮ ರಾಜ್ಯದ ಸರಕಾರವು 2021ರ ಆಯವ್ಯಯದಲ್ಲಿ ಸಾರಿತು. ಮನೆಯಲ್ಲೇ ಕುಳಿತು ಮನೆಯ ಕೊರತೆಗಳನ್ನು ಎಣಿಸಿದ್ದ ಜನರು ಇವನ್ನು ಕಂಡು ದೊಡ್ಡ ಮನೆಗಳಿಗೆ ಕೈ ಹಾಕಿದರು. ಆದರೆ 2022ರ ಮೇ ತಿಂಗಳಿನಿಂದ ರೆಪೋ ದರವು ಏರತೊಡಗಿ 2023ರ ಫೆಬ್ರವರಿಗೆ 6.5 ಆಯಿತು; 2025ರಲ್ಲಿಯೇ ಮತ್ತೆ ಇಳಿಯತೊಡಗಿದ್ದು. ಲೆಕ್ಕವನ್ನು ನೋಡಿರಿ: 40 ಲಕ್ಷ ರೂಪಾಯಿಯ ಸಾಲವನ್ನು 20 ವರ್ಷಗಳಲ್ಲಿ ತೀರಿಸುವುದಾದರೆ, ನೂರಕ್ಕೆ 7ರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 31,000 ರೂಪಾಯಿ, 9.5ರ ಬಡ್ಡಿಯಲ್ಲಿ 37,000ಕ್ಕೂ ಮಿಗಿಲು. ಬಡ್ಡಿ ಇಳಿದ ದಿನದ ಕಂತಿಗೆ ಸಂಬಳವನ್ನು ಸರಿದೂಗಿಸಿದವನು ಬಡ್ಡಿ ಏರಿದ ದಿನ ಎಲ್ಲಿಂದ ತರಬೇಕು? ಹಾಗೆಯೇ, ಇನ್ನು ಕಚೇರಿಗೆ ಹೋಗುವ ಪ್ರಮೇಯವೇ ಇಲ್ಲವೆಂದು ನಂಬಿ ಊರಿಂದ ಬಹುದೂರ ಮನೆ ಕೊಂಡವರನ್ನು ಕಚೇರಿಗಳು ಮತ್ತೆ ಕರೆದವು. ಆಪತ್ಕಾಲದ ಅನುಕೂಲವನ್ನು ಶಾಶ್ವತವೆಂದು ಬಗೆದು ಇಪ್ಪತ್ತು ವರ್ಷದ ಸಾಲವನ್ನು ಮಾಡಲಾಗದು.

ಇನ್ನೊಂದು ವಿಷಯವನ್ನು ಹೇಳದಿದ್ದರೆ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ. ಹೊಸ್ತಿಲಲ್ಲಿ ಕೈಕಾಲು ತೊಳೆಯುವುದು ಒಳ್ಳೆಯ ಪದ್ಧತಿ. ಆದರೆ ನಮ್ಮ ದೇಶದ ಹೊಸ್ತಿಲಿಗೆ ಒಂದು ಹಳೆಯ ಪಾಪವಿದೆ: ಜಗಲಿಯ ಕೆಳಗೇ ನಿಂತು ಎಂದೂ ಒಳಕ್ಕೆ ಬಾರದೆ ಹೋದವರ ನೆನಪನ್ನು ನಮ್ಮ ಊರ ಮನೆಯೂ ಹೊತ್ತಿತ್ತು. ಕೋವಿಡ್ ಕಾಲದಲ್ಲಿ ಅನೇಕ ಕಡೆ ಮನೆಗೆಲಸದವರನ್ನು ಗೇಟಿನಲ್ಲೇ ತಡೆದರು. ಆಗ ಅದಕ್ಕೆ ಕಾರಣವಿತ್ತು. ರೋಗ ಹೋದ ಮೇಲೂ ಅವರಿಗೆ ಬೇರೆ ಲಿಫ್ಟು, ಬೇರೆ ಲೋಟ ಎಂದು ನಡೆಸುವುದಕ್ಕೆ ಕಾರಣವಿಲ್ಲ. ಆ ಹದಿನಾಲ್ಕು ದಿನವೂ ಹಾಲಿನ ಹುಡುಗನು ನಮ್ಮ ಬಾಗಿಲಿಗೆ ಹಾಲನ್ನೂ ಔಷಧಿಯನ್ನೂ ತಂದು ಇಟ್ಟನು. ಹೊಸ್ತಿಲು ರೋಗವನ್ನು ತಡೆಯಲಿ, ಮನುಷ್ಯರನ್ನು ತಡೆಯದಿರಲಿ.

ಕಡೆಗೆ ನಮ್ಮ ಮನೆಯ ಸಂಗತಿ. ಎಂಟು ತಿಂಗಳ ಸುತ್ತಾಟದ ನಂತರ ದಲ್ಲಾಳಿಯು ಒಂದು ಹಳೆಯ, ನೆಲಮಟ್ಟದ ಮನೆಯನ್ನು ತೋರಿಸಿದನು. ಮೂರು ಕೋಣೆ, ಎರಡು ಬಚ್ಚಲು, ಮುಂದೆ ಮೂವರು ಕುಳಿತುಕೊಳ್ಳುವಷ್ಟು ಜಗಲಿ. ನಾವು ಪತ್ರಗಳನ್ನು ಓದುತ್ತ ನಿಂತಿದ್ದೆವು. ನಮ್ಮ ಮನೆಯವರು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಕಾಲುಗಂಟೆಯಾದರೂ ಬಾರದಿರಲು ಗಾಬರಿಯಾಗಿ ಬಾಗಿಲು ತಟ್ಟಿದೆವು. ಅವರು ಬರಿಯ ನೆಲದ ಮೇಲೆ ಸೆರಗು ಹಾಸಿಕೊಂಡು ಮಲಗಿ, ಎದುರೆದುರಾಗಿದ್ದ ಎರಡು ಕಿಟಕಿಗಳ ಕಡೆಗೆ ನೋಡುತ್ತಿದ್ದರು.

“ಇದೇನು?” ಎಂದೆವು.

“ನೀವು ಪತ್ರ ನೋಡಿ. ಇಲ್ಲಿ ಹದಿನಾಲ್ಕು ದಿನ ಇರಬಹುದೇ ಎಂದು ನಾನು ನೋಡುತ್ತಿದ್ದೆ” ಎಂದರು. ಸ್ವಲ್ಪ ತಡೆದು, “ಇರಬಹುದು. ಅತ್ತೆಯವರಿಗೂ ಆಗುತ್ತಿತ್ತು” ಎಂದರು.

ಮನೆಯನ್ನು ಹೇಗೆ ನೋಡಬೇಕೆಂದು ಕೇಳಿದ ವಾಚಕರಿಗೆ ನಮ್ಮ ಉತ್ತರ ಇಷ್ಟೇ. ದಿಕ್ಕನ್ನು ನೋಡಿರಿ, ದರವನ್ನು ನೋಡಿರಿ, ಪತ್ರಗಳನ್ನು ಎರಡು ಸಲ ನೋಡಿರಿ. ಅನಂತರ ಕೋಣೆಯ ಬಾಗಿಲು ಹಾಕಿಕೊಂಡು ಕಾಲುಗಂಟೆ ಮಲಗಿರಿ. ಆ ಕೋಣೆಯನ್ನು ನಾವು ಕೊಂಡೆವು. ಅದರ ಕಿಟಕಿಗಳಿಗೆ ಯಾವ ಬೀರುವನ್ನೂ ಅಡ್ಡ ಇಟ್ಟಿಲ್ಲ.